ಸುಗ್ಗಿಯ ಧೂಳು, ಸೀನು ಮತ್ತು ಹಣ್ಣಿನ ಬುಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಮೂಗಿನ ಅಲರ್ಜಿಗೆ ವರ್ಷಕ್ಕೆ ಒಂದೇ ಹಂಗಾಮು ಅಂತಿಲ್ಲ. ಮಳೆ ಬಿದ್ದ ಮೇಲೆ ಕಾಂಗ್ರೆಸ್ ಗಿಡ ಹೂ ಬಿಡುತ್ತದೆ. ಅದು ಮುಗಿಯುವ ಹೊತ್ತಿಗೆ ಮೆಕ್ಕೆಜೋಳದ ಒಕ್ಕಣೆ ಶುರುವಾಗುತ್ತದೆ. ಸೀನಿ ಸೀನಿ ಸಾಕಾದವರಿಗೆ ಮನೆಯಲ್ಲಿ ಸಿಗುವ ಮೊದಲ ಸಲಹೆ ಎರಡರಲ್ಲಿ ಒಂದು: "ಹಣ್ಣು ತಿನ್ನು, ಶಕ್ತಿ ಬರುತ್ತೆ" ಅಥವಾ "ಹಣ್ಣು ಮುಟ್ಟಬೇಡ, ಶೀತ ಆಗುತ್ತೆ". ಎರಡರಲ್ಲೂ ಅರ್ಧ ಸತ್ಯವಿದೆ, ಅರ್ಧ ಇಲ್ಲ.

ಹಣ್ಣು ತಿಂದರೆ ಸೀನು ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಪರಾಗ ಅಥವಾ ಧೂಳಿನ ಕಣ ಮೂಗಿನ ಒಳಪೊರೆಗೆ ಅಂಟಿದಾಗ, ಅದನ್ನು ಮೊದಲೇ ಗುರುತು ಹಿಡಿದಿಟ್ಟುಕೊಂಡ ಐಜಿಇ ಎಂಬ ಪ್ರತಿಕಾಯ ಅಲ್ಲಿನ ಮಾಸ್ಟ್ ಕೋಶಗಳನ್ನು ಕೆರಳಿಸುತ್ತದೆ. ಅವು ಹಿಸ್ಟಮಿನ್ ಸುರಿಸುತ್ತವೆ. ತುರಿಕೆ, ಸೀನು, ನೀರಿನಂತೆ ಸುರಿಯುವ ಮೂಗು ಎಲ್ಲವೂ ಅದರದೇ ಕೆಲಸ. ಇದು ನಿಮಿಷಗಳಲ್ಲಿ ಆಗುವ ಸಂಗತಿ. ಹೊಟ್ಟೆಗೆ ಹೋದ ಹಣ್ಣು ಅಷ್ಟು ಬೇಗ ಅಲ್ಲಿಗೆ ಬಂದು ಅದನ್ನು ತಡೆಯಲಾರದು.

ವಿಟಮಿನ್ ಸಿ ಹಿಸ್ಟಮಿನ್ ತಗ್ಗಿಸುತ್ತದೆ ಎಂಬ ಮಾತಿಗೆ ಆಧಾರವೇ ಇಲ್ಲ ಎಂದಲ್ಲ. ದಿನಕ್ಕೆ 2 ಗ್ರಾಂ ಕೊಟ್ಟು ನೋಡಿದ ಚಿಕ್ಕ ಪ್ರಯೋಗಗಳಿವೆ, ಫಲಿತಾಂಶ ಮಾತ್ರ ಒಂದೇ ರೀತಿ ಬಂದಿಲ್ಲ. ಆ 2 ಗ್ರಾಂ ಹಣ್ಣಿನಿಂದಲೇ ಬರಬೇಕೆಂದರೆ ಹೆಚ್ಚುಕಡಿಮೆ ಒಂದು ಕೆಜಿ ಪೇರಲ ತಿನ್ನಬೇಕು. ಸೀನು ನಿಲ್ಲುವ ಮುಂಚೆ ಹೊಟ್ಟೆ ಕಟ್ಟೀತು.

ಹಾಗಾದರೆ ಹಣ್ಣಿನಿಂದ ಪ್ರಯೋಜನವೇ ಇಲ್ಲವೇ?

ಇದೆ, ಆದರೆ ಅದು ಔಷಧಿಯ ಪ್ರಯೋಜನವಲ್ಲ. ಅಲರ್ಜಿಗೆ ಕೊಡುವ ಹಳೆಯ ಮಾತ್ರೆಗಳು, ಉದಾಹರಣೆಗೆ ಕ್ಲೋರ್‌ಫೆನಿರಮಿನ್, ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ. ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿದವರ ಗಂಟಲೂ ಬೆಳಗ್ಗೆ ಒಣಗಿರುತ್ತದೆ. ನೀರಿನಂಶವಿರುವ ಕಿತ್ತಳೆ, ಮೂಸಂಬಿ, ನಾರಿರುವ ಪರಂಗಿ, ಪೇರಲ ಇಂಥ ಕಡೆ ನಿಜವಾಗಿ ಹಾಯೆನಿಸುತ್ತವೆ. ಸಿಪ್ಪೆ ತೆಗೆದ ನಾಲ್ಕು ತೊಳೆ ಕಿತ್ತಳೆ ಗಂಟಲಿಗೆ ಕೊಡುವ ಆರಾಮವನ್ನು ವಿಟಮಿನ್ ಗುಳಿಗೆ ಕೊಡುವುದಿಲ್ಲ.

ದೀರ್ಘಕಾಲದ ಲೆಕ್ಕ ಬೇರೆ. ಮಕ್ಕಳ ಅಸ್ತಮಾ ಮತ್ತು ಅಲರ್ಜಿ ಕುರಿತು ಹಲವಾರು ದೇಶಗಳಲ್ಲಿ ನಡೆದ ಐಸಾಕ್ ಅಧ್ಯಯನದ 2013ರ ವರದಿಯಲ್ಲಿ, ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಿಲ್ಲದಂತೆ ಹಣ್ಣು ತಿನ್ನುವ ಮಕ್ಕಳಲ್ಲಿ ಉಬ್ಬಸ, ಮೂಗು–ಕಣ್ಣಿನ ಅಲರ್ಜಿ ತೀವ್ರವಾಗಿರುವುದು ಕಡಿಮೆ ಎಂದು ಕಂಡಿತ್ತು. ಫಾಸ್ಟ್ ಫುಡ್ ಅಷ್ಟೇ ಸಲ ತಿನ್ನುವವರಲ್ಲಿ ಅದು ತಿರುಗುಮುರುಗಾಗಿತ್ತು. ಹಣ್ಣಿನಿಂದಲೇ ಹಾಗಾಯಿತು ಎಂದು ಇದು ಸಾಬೀತು ಮಾಡುವುದಿಲ್ಲ. ಹಣ್ಣು ತಿನ್ನುವ ಮನೆಗಳಲ್ಲಿ ಉಳಿದ ಅಭ್ಯಾಸಗಳೂ ಬೇರೆ ಇರುತ್ತವೆ.

ನನಗಿರುವುದು ಅಲರ್ಜಿಯೋ, ಬರೀ ನೆಗಡಿಯೋ?

ಕಣ್ಣು, ಮೂಗು, ಅಂಗುಳ ತುರಿಸುತ್ತಿದ್ದರೆ, ಬೆಳಗ್ಗೆ ಎದ್ದ ಕೂಡಲೇ ಸಾಲುಸಾಲಾಗಿ ಸೀನು ಬರುತ್ತಿದ್ದರೆ, ಸಿಂಬಳ ನೀರಿನಂತೆ ತಿಳಿಯಾಗಿದ್ದರೆ, ಜ್ವರವಿಲ್ಲದಿದ್ದರೆ, ಪ್ರತಿ ವರ್ಷ ಅದೇ ತಿಂಗಳಲ್ಲಿ ಬಂದು ವಾರಗಟ್ಟಲೆ ಇರುತ್ತಿದ್ದರೆ ಅಲರ್ಜಿ ಎನ್ನಬಹುದು. ನೆಗಡಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮೈಕೈ ನೋವು, ಜ್ವರ ಇದ್ದರೆ ಸೋಂಕು.

ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕಚ್ಚಿದಾಗ ಮೂಗು ಸೋರುವುದು ಈ ಎರಡೂ ಅಲ್ಲ. ಅದು ಖಾರಕ್ಕೆ ಮೂಗಿನ ನರಗಳು ಕೊಡುವ ಉತ್ತರ. ಅದಕ್ಕೆ ಅಲರ್ಜಿ ಮಾತ್ರೆ ನುಂಗುವುದು ದಂಡ.

ನಮ್ಮ ಕಡೆ ಯಾವ ತಿಂಗಳು ಯಾವುದರಿಂದ ತೊಂದರೆ?

ಮೊದಲ ಆರೋಪಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಖಾಲಿ ಸೈಟು, ರೈಲು ಹಳಿಯ ಬದಿ, ಕಾಲುವೆ ಏರಿ, ಹೊಲದ ಬದು ಎಲ್ಲೆಲ್ಲೂ ಇದೆ. ಮಳೆ ಬಿದ್ದು ಮೊಳೆತ ಮೇಲೆ ಒಂದು ತಿಂಗಳು, ಒಂದೂವರೆ ತಿಂಗಳಲ್ಲಿ ಬಿಳಿ ಹೂ ಕಾಣುತ್ತದೆ. ತೇವ ಇರುವ ತನಕ ಹೂ ಬಿಡುತ್ತಲೇ ಇರುತ್ತದೆ. ಹಾಗಾಗಿ ಜುಲೈಯಿಂದ ಅಕ್ಟೋಬರ್ ತನಕ ಇದರದೇ ಕಾರುಬಾರು. ಪರಾಗ ಮೂಗನ್ನು ಕಾಡಿದರೆ, ಎಲೆಯಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಚರ್ಮಕ್ಕೆ ಕಜ್ಜಿ ತರುತ್ತದೆ. ಹುಲ್ಲಿನ ಪರಾಗವೂ ಇದೇ ಕಾಲದ್ದು.

ಅಕ್ಟೋಬರ್‌ನಿಂದ ಡಿಸೆಂಬರ್ ಒಕ್ಕಣೆಯ ಕಾಲ. ದಾವಣಗೆರೆ, ಜಗಳೂರಿನ ಸುತ್ತ ಮೆಕ್ಕೆಜೋಳ ಒಕ್ಕುವಾಗ ಏಳುವ ಕೆಂಪು ಹೊಟ್ಟು, ಭದ್ರಾ ಅಚ್ಚುಕಟ್ಟಿನ ಭತ್ತದ ಧೂಳು, ಚಳ್ಳಕೆರೆ ಕಡೆ ಶೇಂಗಾ ಸುಲಿಯುವಾಗಿನ ಮಣ್ಣು. ಇದರಲ್ಲಿ ಪರಾಗಕ್ಕಿಂತ ಬೂಷ್ಟಿನ ಬೀಜಕಣ ಹೆಚ್ಚು, ಅದರಲ್ಲೂ ಕಾಳು ಸರಿಯಾಗಿ ಒಣಗದೆ ರಾಶಿ ಬಿದ್ದಿದ್ದರೆ. ಟಾರು ರಸ್ತೆಯ ಮೇಲೆ ಒಣಹಾಕಿದ ಜೋಳದ ಪಕ್ಕದಲ್ಲಿ ಬೈಕ್ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಸಿಗೆಯ ಮುಂಚೆ ಬಳ್ಳಾರಿ ಜಾಲಿ ಹೂ ಬಿಡುತ್ತದೆ, ಹಿರಿಯೂರು–ಚಳ್ಳಕೆರೆ ಕಡೆ ಅದಕ್ಕೆ ಕೊರತೆಯಿಲ್ಲ. ವರ್ಷವಿಡೀ ಸೀನುವವರು ಹೊರಗೆ ಹುಡುಕುವ ಬದಲು ಹಾಸಿಗೆ ನೋಡಲಿ: ಧೂಳುನುಸಿ ಅಲ್ಲಿರುತ್ತದೆ.

ಯಾವ ಹಣ್ಣು ತಿನ್ನಬೇಕು? ಕಿವಿ ಹಣ್ಣು ಒಳ್ಳೆಯದಂತೆ?

ಕಿವಿಯಲ್ಲಿ ತಪ್ಪೇನಿಲ್ಲ, ಬೆಲೆಯದೇ ತಪ್ಪು. ನೂರು ಗ್ರಾಂ ಕಿವಿಯಲ್ಲಿ ಸುಮಾರು 90 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ, ಅಷ್ಟೇ ತೂಕದ ಪೇರಲದಲ್ಲಿ, ಚಿತ್ರದುರ್ಗದ ಕಡೆಯವರ ಮಾತಿನಲ್ಲಿ ಸೀಬೆ, 200 ಮಿಲಿಗ್ರಾಂ ದಾಟುತ್ತದೆ. ಬೆಟ್ಟದ ನೆಲ್ಲಿಕಾಯಿ ಅದನ್ನೂ ಮೀರುತ್ತದೆ. ಪರಂಗಿ, ಕಿತ್ತಳೆಯಲ್ಲಿ 40ರಿಂದ 60. ದಾಳಿಂಬೆ, ಬಾಳೆಯಲ್ಲಿ ಹತ್ತರ ಆಸುಪಾಸು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಅಂದರೆ ಅರ್ಧ ಪೇರಲ ಸಾಕು.

ಬುಟ್ಟಿ ತಿಂಗಳಿಗೊಂದು ರೀತಿ ಇರಲಿ. ಜೂನ್–ಜುಲೈಯಲ್ಲಿ ನೇರಳೆ. ಮಳೆಗಾಲದ ಕೊನೆಗೆ ಬೆಟ್ಟಗುಡ್ಡದಿಂದ ಸೀತಾಫಲ ಬರುತ್ತದೆ. ಪೇರಲ ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ. ಚಳಿಗಾಲದ್ದು ಗಟ್ಟಿ, ಸಿಹಿ, ಹುಳುವೂ ಕಡಿಮೆ. ನವೆಂಬರ್‌ನಿಂದ ನೆಲ್ಲಿಕಾಯಿ, ಕಿತ್ತಳೆ. ಸಂಕ್ರಾಂತಿಗೆ ಎಲಚಿ. ಬೇಸಿಗೆಗೆ ಕಲ್ಲಂಗಡಿ, ಮಾವು. ಹಿರಿಯೂರು, ಹೊಸದುರ್ಗದ ದಾಳಿಂಬೆ, ಪರಂಗಿ ಮತ್ತು ಬಾಳೆ ಬಹುಪಾಲು ಎಲ್ಲ ಕಾಲಕ್ಕೂ. ಒಕ್ಕಣೆಯ ಧೂಳು ಹೆಚ್ಚಿರುವ ಹೊತ್ತಿಗೇ ಪೇರಲ, ನೆಲ್ಲಿ ಎರಡೂ ಅಗ್ಗವಾಗುವುದು ನಮ್ಮ ಅದೃಷ್ಟ.

ದಾಳಿಂಬೆಯನ್ನು "ರಕ್ತ ಶುದ್ಧಿ, ಅಲರ್ಜಿ ಮಾಯ" ಎಂದು ಹೊಗಳುವವರು ಬಹಳ. ರುಚಿಯಾದ ಹಣ್ಣು, ತಿನ್ನಿ. ಸೀನಿಗೆ ಮದ್ದು ಎನ್ನುವುದಕ್ಕೆ ಆಧಾರವಿಲ್ಲ.

ದಿನಕ್ಕೆ ಎಷ್ಟು, ಯಾವಾಗ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ದಿನಕ್ಕೆ 100 ಗ್ರಾಂ ಹಣ್ಣು ಹೇಳುತ್ತದೆ, ತರಕಾರಿ ಬೇರೆ. ಮಧ್ಯಮ ಗಾತ್ರದ ಒಂದು ಪೇರಲ, ಇಲ್ಲವೇ ಒಂದು ಕಿತ್ತಳೆ, ಇಲ್ಲವೇ ಅಂಗೈಯಗಲದ ಒಂದು ಹೋಳು ಪರಂಗಿ ಎಂದುಕೊಳ್ಳಿ. ಇದರ ಎರಡರಷ್ಟು ತಿಂದರೂ ಆರೋಗ್ಯವಂತರಿಗೆ ತೊಂದರೆಯಿಲ್ಲ.

ಯಾವಾಗ ಎಂಬುದು ದೊಡ್ಡ ವಿಷಯವಲ್ಲ. ಊಟದ ಮೇಲೆ ಹಣ್ಣು ತಿಂದರೆ ಕೊಳೆಯುತ್ತದೆ ಎಂಬುದು ಸುಳ್ಳು. ನೆಲ್ಲಿಕಾಯಿಯನ್ನು ಮಾತ್ರ ಹೊಟ್ಟೆಯುರಿ ಇರುವವರು ಖಾಲಿ ಹೊಟ್ಟೆಯಲ್ಲಿ ತಿನ್ನಬಾರದು. ಹುಳಿ ಹಣ್ಣು ತಿಂದ ತಕ್ಷಣ ಹಲ್ಲುಜ್ಜಬೇಡಿ, ಬಾಯಿ ಮುಕ್ಕಳಿಸಿ ಅರ್ಧ ತಾಸು ಬಿಡಿ. ಹುಳಿಗೆ ಮೆತ್ತಗಾದ ಹಲ್ಲಿನ ಮೇಲ್ಪದರ ಬ್ರಷ್ಷಿಗೆ ಸವೆಯುತ್ತದೆ.

ಪೇರಲ, ಬಾಳೆ, ಸೀತಾಫಲ ಶೀತ ಅಲ್ಲವೇ?

ಹಿರಿಯರು ಹೇಳುವ "ಶೀತ" ಒಂದು ಅನುಭವದ ಮಾತು, ಅದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಫ್ರಿಜ್ಜಿನಿಂದ ತೆಗೆದ ಹಣ್ಣನ್ನು ತಣ್ಣಗೇ ತಿಂದರೆ ಮೊದಲೇ ಕೆರಳಿದ ಗಂಟಲು ಕೆಮ್ಮೆಬ್ಬಿಸಬಹುದು. ಸೀತಾಫಲದ ದಪ್ಪ ತಿರುಳು ಗಂಟಲಿಗೆ ಅಂಟಿ ಕಫ ಹೆಚ್ಚಾದಂತೆ ಅನಿಸುತ್ತದೆ. ಆದರೆ ನೆಗಡಿ ತರುವುದು ವೈರಸ್, ಸೀನು ತರುವುದು ಪರಾಗ. ಹಣ್ಣಲ್ಲಿ ಈ ಎರಡೂ ಇಲ್ಲ. ಹಣ್ಣನ್ನು ಒಂದು ತಾಸು ಮುಂಚೆ ಹೊರಗಿಟ್ಟು ತಿನ್ನಿ. ಬಾಳೆಹಣ್ಣು ಕೊಟ್ಟಾಗಲೆಲ್ಲ ಮಗುವಿಗೆ ಉಬ್ಬಸವೇ ಬರುತ್ತಿದ್ದರೆ ಅದು ಶೀತದ ಮಾತಲ್ಲ, ಬಾಳೆಗೇ ಅಲರ್ಜಿ ಇರಬಹುದು. ಡಾಕ್ಟರಿಗೆ ತೋರಿಸಿ.

ಸೇಬಿನ ಸಿಪ್ಪೆ, ಈರುಳ್ಳಿಯಲ್ಲಿ ಅಲರ್ಜಿ ತಡೆಯುವ ಅಂಶವಿದೆಯಂತೆ?

ಕ್ವೆರ್ಸೆಟಿನ್ ಬಗ್ಗೆ ಕೇಳಿದ್ದೀರಿ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ಮಾಸ್ಟ್ ಕೋಶಗಳನ್ನು ಶಾಂತ ಮಾಡುವುದು ನಿಜ. ಒಂದು ಸೇಬಿನಲ್ಲಿ ಇರುವುದು ಕೆಲವೇ ಮಿಲಿಗ್ರಾಂ, ಗುಳಿಗೆಗಳಲ್ಲಿ ತುಂಬುವುದು ನೂರಾರು. ಸೇಬಿಗಿಂತ ಈರುಳ್ಳಿಯಲ್ಲೇ ಹೆಚ್ಚು. ಚಿತ್ರದುರ್ಗ ಈರುಳ್ಳಿಯ ನಾಡು, ರೊಟ್ಟಿ ಜೊತೆ ಹಸಿ ಈರುಳ್ಳಿ ಹೇಗೂ ನಡೆದಿದೆ. ನಡೆಯಲಿ.

ಅನಾನಸ್ ತಿಂದರೆ ಕಟ್ಟಿದ ಮೂಗು ತೆರೆಯುತ್ತದಂತೆ?

ಅದರ ಬ್ರೊಮೆಲಿನ್ ಕಿಣ್ವ ಹೆಚ್ಚಾಗಿ ದಿಂಡಿನಲ್ಲಿರುತ್ತದೆ, ಬೇಯಿಸಿದರೆ ಕೆಡುತ್ತದೆ. ನಾಲ್ಕು ಹೋಳಿನಿಂದ ಮೂಗು ತೆರೆದುಕೊಳ್ಳುವುದಿಲ್ಲ. ತಿಂದಾಗ ನಾಲಿಗೆ ಚುರುಗುಟ್ಟುವುದು ಅದೇ ಕಿಣ್ವದಿಂದ ಮತ್ತು ಹುಳಿಯಿಂದ. ಅದನ್ನು ಅಲರ್ಜಿ ಎಂದು ಹೆದರಬೇಕಿಲ್ಲ.

ಅಲರ್ಜಿ ಮಾತ್ರೆಯನ್ನು ಹಣ್ಣಿನ ರಸದ ಜೊತೆ ನುಂಗಬಹುದೇ?

ಬೇಡ. ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿದ್ದೆ ಬರಿಸದ ಮಾತ್ರೆ ಎಂದು ಕೊಡುವ ಫೆಕ್ಸೊಫೆನಡಿನ್ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ಕರುಳಿನ ಗೋಡೆಯಲ್ಲಿರುವ ಒಂದು ಸಾಗಣೆ ಪ್ರೋಟೀನು ಬೇಕು. ಕಿತ್ತಳೆ, ಸೇಬು, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಇವುಗಳ ರಸ ಆ ದಾರಿಯನ್ನೇ ಅಡ್ಡಗಟ್ಟುತ್ತದೆ. ರಕ್ತಕ್ಕೆ ಸೇರಬೇಕಾದ ಮದ್ದಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಷ್ಟವಾಗಬಹುದು. "ಮಾತ್ರೆ ತಗೊಂಡ್ರೂ ಕಮ್ಮಿ ಆಗ್ತಿಲ್ಲ" ಎನ್ನುವವರು ಮೊದಲು ಯಾವುದರ ಜೊತೆ ನುಂಗುತ್ತಿದ್ದೇವೆ ನೋಡಿಕೊಳ್ಳಲಿ.

ನೀರಿನ ಜೊತೆ ನುಂಗಿ, ರಸಕ್ಕೂ ಮಾತ್ರೆಗೂ ನಾಲ್ಕು ತಾಸು ಅಂತರ ಬಿಡಿ. ಮೂಸಂಬಿ ರಸಕ್ಕೂ ಇದೇ ನಿಯಮ ಇಟ್ಟುಕೊಳ್ಳುವುದು ಕ್ಷೇಮ. ಸೆಟ್ರಿಜಿನ್, ಲೆವೊಸೆಟ್ರಿಜಿನ್‌ಗೆ ಈ ತಾಪತ್ರಯವಿಲ್ಲ. ಅವು ಕೆಲವರಿಗೆ ನಿದ್ದೆ ತರುತ್ತವೆ, ಅದಕ್ಕೇ ರಾತ್ರಿ ಕೊಡುವುದು. ಕ್ಲೋರ್‌ಫೆನಿರಮಿನ್ ನುಂಗಿ ಟ್ರ್ಯಾಕ್ಟರ್, ಬೈಕ್ ಓಡಿಸಬಾರದು.

ಬಾಳೆಹಣ್ಣು, ಕರಬೂಜ ತಿಂದಾಗ ಬಾಯಿ, ಗಂಟಲು ತುರಿಸುತ್ತದೆ. ಯಾಕೆ?

ಅಲರ್ಜಿಗೆಂದು ತಿಂದ ಹಣ್ಣೇ ಅಲರ್ಜಿ ತರುವ ಪ್ರಸಂಗ ಇದು. ಕೆಲವು ಹಣ್ಣಿನ ಪ್ರೋಟೀನುಗಳ ಆಕಾರ ಪರಾಗದ ಪ್ರೋಟೀನಿನ ಆಕಾರಕ್ಕೆ ಹತ್ತಿರವಿರುತ್ತದೆ. ಪರಾಗಕ್ಕೆ ಸಿಟ್ಟಾಗುವ ದೇಹ ಹಣ್ಣನ್ನೂ ಅದೇ ಕಳ್ಳ ಎಂದು ತಪ್ಪು ತಿಳಿಯುತ್ತದೆ. ತಿಂದ ಐದು–ಹತ್ತು ನಿಮಿಷದಲ್ಲಿ ತುಟಿ, ನಾಲಿಗೆ, ಅಂಗುಳ, ಕಿವಿಯ ಒಳಗೆ ತುರಿಕೆ ಬಂದು, ಹೆಚ್ಚಾಗಿ ಅರ್ಧ–ಒಂದು ತಾಸಿನಲ್ಲಿ ತಾನೇ ಇಳಿಯುತ್ತದೆ.

ಅಮೆರಿಕ, ಯುರೋಪಿನಲ್ಲಿ ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗ ಆಗದವರಿಗೆ ಬಾಳೆ, ಕರಬೂಜ, ಕಲ್ಲಂಗಡಿ, ಸೌತೆಕಾಯಿ ಹೀಗೆ ಮಾಡುವುದು ಚೆನ್ನಾಗಿ ದಾಖಲಾಗಿದೆ. ಆ ಕಳೆಯೂ ನಮ್ಮ ಪಾರ್ಥೇನಿಯಂ ಕೂಡ ಸೂರ್ಯಕಾಂತಿಯ ಕುಟುಂಬದವು. ಒಂದರ ಪರಾಗಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ ಎಂಬುದು ಗೊತ್ತಿರುವ ಸಂಗತಿ. ಆದ್ದರಿಂದ ಕಾಂಗ್ರೆಸ್ ಗಿಡದ ಕಾಲದಲ್ಲಿ ಸೀನುವವರಿಗೆ ಈ ಹಣ್ಣುಗಳಿಂದ ಬಾಯಿ ತುರಿಸಿದರೆ ಅನುಮಾನ ಪಡುವುದು ನ್ಯಾಯ. ಪರಾಗ ಹೆಚ್ಚಿರುವ ತಿಂಗಳಲ್ಲಿ ತುರಿಕೆಯೂ ಹೆಚ್ಚು. ಫೆಬ್ರವರಿಯಲ್ಲಿ ಸುಮ್ಮನಿದ್ದ ಹಣ್ಣು ಸೆಪ್ಟೆಂಬರ್‌ನಲ್ಲಿ ಕಾಡಬಹುದು.

ಹೀಗೆ ಮಾಡಿ. ತುರಿಕೆ ಬಂದ ಕೂಡಲೇ ಉಗಿದು, ಬಾಯಿ ಮುಕ್ಕಳಿಸಿ ನೀರು ಕುಡಿಯಿರಿ. ಒಂದು ಚೀಟಿಯಲ್ಲಿ ದಿನಾಂಕ, ಹಣ್ಣು, ಎಷ್ಟು ತಿಂದಿರಿ, ಎಷ್ಟು ನಿಮಿಷಕ್ಕೆ ಏನಾಯಿತು ಎಂದು ಬರೆದಿಡಿ. ಆ ಹಣ್ಣನ್ನು ಹಂಗಾಮು ಮುಗಿಯುವ ತನಕ ಬಿಡಿ. ಈ ಪ್ರೋಟೀನುಗಳು ಬಿಸಿಗೆ ಕೆಡುವಂಥವು, ಹಾಗಾಗಿ ಬೇಯಿಸಿದ ಹಣ್ಣು ಬಹಳ ಜನರಿಗೆ ಆಗಿಬರುತ್ತದೆ. ಸೇಬಾದರೆ ಸಿಪ್ಪೆ ತೆಗೆದು ತಿಂದರೂ ತುರಿಕೆ ಕಡಿಮೆಯಾಗಬಹುದು. ಬಾಳೆಹಣ್ಣಿನ ಶೀರಾ ಒಪ್ಪಿ, ಬಾಳೆಹಣ್ಣು ಒಪ್ಪದವರು ಇರುವುದು ಇದಕ್ಕೇ.

ಆದರೆ ತುಟಿ ಊದಿದರೆ, ದನಿ ಬದಲಾದರೆ, ಮೈಮೇಲೆ ದದ್ದು ಎದ್ದರೆ, ವಾಂತಿ, ಉಬ್ಬಸ, ತಲೆಸುತ್ತು ಬಂದರೆ ಅದು ಈ ಸಣ್ಣ ಜಾತಿಯದಲ್ಲ. ಬೇಯಿಸಿ ಪರೀಕ್ಷಿಸುವ ಸಾಹಸವೂ ಬೇಡ. 108ಕ್ಕೆ ಕರೆ ಮಾಡಿ.

ರಬ್ಬರ್ ಕೈಗವಸು ಹಾಕಿದರೆ, ಬಲೂನು ಊದಿದರೆ ತುರಿಕೆ ಬರುವವರಿಗೂ ಬಾಳೆ, ಪರಂಗಿ, ಕಿವಿ, ಬೆಣ್ಣೆಹಣ್ಣು ಆಗದೆ ಇರಬಹುದು. ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ.

ಮಾವಿನಹಣ್ಣು ತಿಂದರೆ ಬಾಯಿ ಸುತ್ತ ಗುಳ್ಳೆ ಏಳುತ್ತವಲ್ಲ?

ಅದು ಸೊನೆಯ ಕೆಲಸ, ತಿರುಳಿನದಲ್ಲ. ತೊಟ್ಟಿನ ಕಡೆ ಒಂದು ಬೆರಳಗಲ ಕತ್ತರಿಸಿ ಬಿಸಾಡಿ, ಹಣ್ಣನ್ನು ಅರ್ಧ ತಾಸು ನೀರಲ್ಲಿ ನೆನೆಹಾಕಿ ಉಜ್ಜಿ ತೊಳೆದು, ಸಿಪ್ಪೆ ಕಚ್ಚದೆ ಹೋಳು ಮಾಡಿ ತಿನ್ನಿ. ಗುಳ್ಳೆ ತಿಂದ ದಿನವೇ ಏಳಬೇಕೆಂದಿಲ್ಲ, ಒಂದೆರಡು ದಿನ ತಡವಾಗಿಯೂ ಏಳುತ್ತದೆ.

ಹಣ್ಣು ತೊಳೆಯುವುದು ಹೇಗೆ? ಉಪ್ಪು ನೀರು ಸಾಕೇ?

ತಳ್ಳುಗಾಡಿಯ ಹಣ್ಣಿನ ಮೇಲೆ ರಸ್ತೆ ಧೂಳು, ಪರಾಗ, ಔಷಧಿಯ ಅಂಶ ಮೂರೂ ಇರುತ್ತವೆ. ಹರಿಯುವ ನೀರಲ್ಲಿ ಕೈಯಿಂದ ಉಜ್ಜಿ ತೊಳೆದರೆ ಧೂಳು, ಪರಾಗ ಹೋಗುತ್ತವೆ. ಸೇಬು, ದ್ರಾಕ್ಷಿ, ಪೇರಲಕ್ಕೆ ಒಂದು ಲೀಟರ್ ನೀರಿಗೆ ಎರಡು ಟೀ ಚಮಚ, ಅಂದರೆ ಸುಮಾರು 10 ಗ್ರಾಂ ಅಡುಗೆ ಸೋಡಾ ಕರಗಿಸಿ 15 ನಿಮಿಷ ನೆನೆಹಾಕಿ, ಮತ್ತೆ ಹರಿಯುವ ನೀರಲ್ಲಿ ತೊಳೆಯಿರಿ. ಮೇಲ್ಮೈ ಮೇಲಿನ ಕೀಟನಾಶಕ ಬಹುಪಾಲು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಸೋಪು, ಡಿಟರ್ಜೆಂಟ್ ಬೇಡವೇ ಬೇಡ.

ತೊಳೆದ ಹಣ್ಣನ್ನು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಬರುತ್ತದೆ. ತಿನ್ನುವ ಹೊತ್ತಿಗೆ ತೊಳೆಯಿರಿ. ಬೂಷ್ಟು ಬಂದ ಮೆತ್ತನೆ ಹಣ್ಣನ್ನು ಮೂಸಿ ನೋಡಬೇಡಿ, ಸೀನುವ ಮೂಗಿಗೆ ಆ ಬೀಜಕಣಗಳೇ ಸಾಕು. ಹಾಗೇ ಸುತ್ತಿ ಬಿಸಾಡಿ.

ಕಾರ್ಬೈಡ್ ಹಾಕಿ ಮಾಗಿಸಿದ ಹಣ್ಣು ಗುರುತಿಸುವುದು ಹೇಗೆ?

ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ನಿಷೇಧಿಸಿದೆ, ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರಬಹುದು. ಮಾಗಿಸಲು ಎಥಿಲೀನ್ ಅನಿಲವನ್ನು 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ತನಕ ಬಳಸಲು ಅನುಮತಿಯಿದೆ. ಕಣ್ಣಿನಿಂದ ಖಾತ್ರಿಯಾಗಿ ಗುರುತಿಸಲಾಗದು. ಮೈಯೆಲ್ಲ ಒಂದೇ ಹಳದಿ, ಒಳಗೆ ಗಟ್ಟಿ, ವಾಸನೆ ಇಲ್ಲ ಎಂದರೆ ಅನುಮಾನಿಸಿ. ಮಾವು ಮಾರುಕಟ್ಟೆಗೆ ನುಗ್ಗುವ ಮುಂಚಿನ, ಅಂದರೆ ಯುಗಾದಿಗೂ ಮೊದಲಿನ ಹಣ್ಣನ್ನು ಬಿಟ್ಟರೆ ಅರ್ಧ ಕಾಟ ತಪ್ಪುತ್ತದೆ. ಕಾಯಿ ತಂದು ಮನೆಯಲ್ಲೇ ಹುಲ್ಲಿನಲ್ಲಿ ಇಟ್ಟು ಮಾಗಿಸುವವರು ಹುಲ್ಲಿನ ಬದಲು ಹಳೆ ಪತ್ರಿಕೆ ಬಳಸಿ, ಹುಲ್ಲಿನ ಧೂಳೇ ಸೀನು ತರಿಸುತ್ತದೆ.

ಒಣದ್ರಾಕ್ಷಿ, ಒಣಹಣ್ಣು ಆಗಬಹುದೇ?

ಹೊಂಬಣ್ಣದ ಒಣದ್ರಾಕ್ಷಿ, ಕಿತ್ತಳೆ ಬಣ್ಣ ಉಳಿಸಿದ ಏಪ್ರಿಕಾಟ್ ಇವುಗಳಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಅದರ ಸಲ್ಫೈಟ್ ಉಬ್ಬಸ ಇರುವ ಕೆಲವರಿಗೆ ದಮ್ಮು ಹೆಚ್ಚಿಸುತ್ತದೆ. ವಿಟಮಿನ್ ಸಿ ಕೂಡ ಒಣಗಿಸುವಾಗ ಬಹುಪಾಲು ಹೋಗಿರುತ್ತದೆ. ತಾಜಾ ಹಣ್ಣು ಸಿಗುವ ಊರಲ್ಲಿ ಇದರ ಹಂಗೇಕೆ?

ಸಕ್ಕರೆ ಕಾಯಿಲೆ ಇದೆ. ಹಣ್ಣು ತಿನ್ನಬಹುದೇ?

ತಿನ್ನಬಹುದು, ಕುಡಿಯಬಾರದು. ಒಂದು ಲೋಟ ಮೂಸಂಬಿ ರಸಕ್ಕೆ ಮೂರು–ನಾಲ್ಕು ಹಣ್ಣು ಬೇಕು. ನಾರು ಸಿಪ್ಪೆಯ ಜೊತೆ ಹೋಯಿತು, ಸಕ್ಕರೆ ಲೋಟದಲ್ಲಿ ಉಳಿಯಿತು. ದೋರೆ ಪೇರಲ ಒಂದು, ಇಲ್ಲವೇ 100 ಗ್ರಾಂ ಪರಂಗಿ, ಒಂದು ಹೊತ್ತಿಗೆ ಸಾಕು. ಸೀತಾಫಲ, ಸಪೋಟ, ಮಾವಿನಲ್ಲಿ ಕೈ ಬಿಗಿ ಹಿಡಿಯಿರಿ. ಅಲರ್ಜಿಗೆ ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟಿದ್ದರೆ ಆ ದಿನಗಳಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ಅದಕ್ಕೆ ಹಣ್ಣನ್ನು ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಲೆಕ್ಕವಿದೆ. ಅವರ ಹಣ್ಣನ್ನು ಅವರ ಡಾಕ್ಟರೇ ಹೇಳಬೇಕು. ಕಲ್ಲು ಬಂದವರು ವಿಟಮಿನ್ ಸಿಯ 500, 1000 ಮಿಲಿಗ್ರಾಂ ಗುಳಿಗೆಯನ್ನು ದಿನಾ ಚೀಪಬಾರದು. ಹೆಚ್ಚಾದದ್ದು ಕಲ್ಲು ಕಟ್ಟಿಸುವ ಆಕ್ಸಲೇಟ್ ಆಗಿ ಮೂತ್ರಕ್ಕೆ ಸೇರುತ್ತದೆ.

ಮಕ್ಕಳಿಗೆ ಹೇಗೆ ಕೊಡುವುದು?

ಆರು ತಿಂಗಳು ತುಂಬಿದ ಮೇಲೆ ಹಿಸುಕಿದ ಬಾಳೆ, ಪರಂಗಿಯಿಂದ ಶುರು ಮಾಡಿ. ಹೊಸ ಹಣ್ಣು ಒಂದೊಂದಾಗಿ, ಎರಡು–ಮೂರು ದಿನ ಬಿಟ್ಟು. ಐದು ವರ್ಷದ ಒಳಗಿನವರಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಎಲಚಿ, ನೇರಳೆ, ಸೀತಾಫಲದ ಬೀಜ ತೆಗೆದೇ ಕೊಡಿ. ಮೂಗು ಕಟ್ಟಿದ ಮಗು ಬಾಯಲ್ಲಿ ಉಸಿರೆಳೆಯುತ್ತಾ ತಿನ್ನುತ್ತದೆ, ಬೀಜ ಗಂಟಲಿಗೆ ಜಾರುವ ಅಪಾಯ ಉಳಿದವರಿಗಿಂತ ಹೆಚ್ಚು.

ಊರಿನ ಜೇನುತುಪ್ಪ ಕೊಟ್ಟರೆ ಅಲರ್ಜಿ ಒಗ್ಗಿಹೋಗುತ್ತದಂತೆ?

ಜೇನುಹುಳು ತರುವುದು ಬಣ್ಣದ ಹೂವಿನ ಅಂಟು ಪರಾಗ. ನಿಮ್ಮ ಮೂಗು ಕಾಡುವುದು ಬಹುಪಾಲು ಗಾಳಿಯಲ್ಲಿ ಹಾರುವ ಪರಾಗ. ಲೆಕ್ಕ ತಾಳೆಯಾಗುವುದಿಲ್ಲ. ಒಂದು ವರ್ಷದ ಒಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು, ಬೊಟುಲಿಸಂ ಎಂಬ ವಿಷರೋಗದ ಅಪಾಯವಿದೆ.

ಹಣ್ಣಿನ ಜೊತೆಗೆ ನಿಜವಾಗಿ ಕೆಲಸ ಮಾಡುವುದು ಯಾವುದು?

ಮೂಗು ತೊಳೆಯುವುದು. ಐದು ನಿಮಿಷ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಅಯೋಡಿನ್ ಸೇರಿಸದ ಶುದ್ಧ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ. ಮುಂದಕ್ಕೆ ಬಾಗಿ, ಬಾಯಿ ತೆರೆದು ಉಸಿರಾಡುತ್ತಾ, ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಹರಿಸಿ. ಉಪ್ಪು ಕಡಿಮೆಯಾದರೆ ಉರಿಯುತ್ತದೆ, ಜಾಸ್ತಿಯಾದರೂ ಉರಿಯುತ್ತದೆ. ನಲ್ಲಿ ನೀರು, ಬೋರಿನ ನೀರು ಹಸಿಯಾಗಿ ಬಳಸಬಾರದು. ಅದರಲ್ಲಿ ಅಪರೂಪಕ್ಕೆ ಇರುವ ಅಮೀಬಾ ಕುಡಿದರೆ ಏನೂ ಮಾಡದು, ಮೂಗಿನಿಂದ ಮಿದುಳಿಗೆ ಹೋದರೆ ಜೀವ ತೆಗೆಯುತ್ತದೆ. ಸಂಜೆ ಹೊಲದಿಂದ, ಮಾರುಕಟ್ಟೆಯಿಂದ ಬಂದ ಮೇಲೆ ಒಂದು ಸಲ ಮಾಡಿದರೆ ರಾತ್ರಿಯ ನಿದ್ದೆಗೆ ವ್ಯತ್ಯಾಸ ಗೊತ್ತಾಗುತ್ತದೆ.

ಒಕ್ಕಣೆಗೆ ಹೋಗುವವರಿಗೆ ಟವೆಲ್ ಸಾಲದು, ಸಣ್ಣ ಕಣ ಅದರ ನೂಲಿನ ಸಂದಿನಲ್ಲಿ ನುಸುಳುತ್ತದೆ. ಎನ್‌95 ಮಾಸ್ಕ್ ಮೂಗಿನ ಮೇಲೆ ತಂತಿ ಒತ್ತಿ ಕಟ್ಟಿ. ಮನೆಗೆ ಬಂದ ಕೂಡಲೇ ತಲೆಗೆ ನೀರು ಹಾಕಿಕೊಂಡು ಬಟ್ಟೆ ಬದಲಿಸಿ. ಕೂದಲಿನಲ್ಲಿ ಉಳಿದ ಧೂಳು ದಿಂಬಿಗೆ ಬರುತ್ತದೆ.

ಮನೆ ಸುತ್ತಲಿನ ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ, ಮಳೆ ಬಿದ್ದು ನೆಲ ಮೆತ್ತಗಿರುವಾಗ ಬೇರುಸಹಿತ ಕೀಳಬೇಕು, ಕೈಗವಸು ಮತ್ತು ತುಂಬುತೋಳಿನ ಅಂಗಿ ಹಾಕಿಕೊಂಡು. ಹೂ ಬಂದ ಮೇಲೆ ಕಿತ್ತರೆ ಪರಾಗ ಮೈಮೇಲೇ ಉದುರುತ್ತದೆ, ಬೀಜವೂ ಚೆಲ್ಲುತ್ತದೆ. ಬೆಳೆ ಇಲ್ಲದ ಜಾಗದಲ್ಲಿ ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿ ಎಲೆ ನೆನೆಯುವಂತೆ ಸಿಂಪಡಿಸಿದರೆ ಒಣಗುತ್ತದೆ. ತೋಟದಲ್ಲಿ ಇದನ್ನು ಮಾಡಬೇಡಿ, ಮಣ್ಣು ಹಾಳಾಗುತ್ತದೆ. ಅಲರ್ಜಿ ಇರುವವರೇ ಕೀಳಲು ಹೋಗುವುದಂತೂ ಬೇಡ.

ಔಷಧಿಯಲ್ಲಿ, ಪ್ರತಿವರ್ಷ ಕಾಡುವವರಿಗೆ ಡಾಕ್ಟರು ಬರೆಯುವ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಪೂರ್ತಿ ಪರಿಣಾಮ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ಎರಡು ದಿನ ಹಾಕಿ "ಇದು ಆಗಲ್ಲ" ಎಂದು ಬಿಡುವುದೇ ಸಾಮಾನ್ಯ ತಪ್ಪು. ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಾಕಿ, ಆಗ ಮದ್ದು ನಡುಗೋಡೆಗೆ ಬಡಿಯದೆ ಪಕ್ಕಕ್ಕೆ ಹೋಗುತ್ತದೆ, ರಕ್ತ ಬರುವುದು ತಪ್ಪುತ್ತದೆ. ಮೂಗು ತಕ್ಷಣ ತೆರೆಯುವ ಹನಿ ಬೇರೆಯದು. ಅದನ್ನು ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ.

ಯಾವಾಗ ಡಾಕ್ಟರ ಬಳಿ ಹೋಗಬೇಕು?

ಎದೆಯಲ್ಲಿ ಸುಂಯ್ ಸದ್ದು, ರಾತ್ರಿ ಕೆಮ್ಮು, ಒಂದೇ ಕಡೆ ಮೂಗಿನಿಂದ ರಕ್ತ ಅಥವಾ ಕೀವು, ಮುಖದ ನೋವು ಜೊತೆ ಜ್ವರ, ಎರಡು ವಾರ ಮಾತ್ರೆ ತೆಗೆದುಕೊಂಡರೂ ಇಳಿಯದ ತೊಂದರೆ. ಗರ್ಭಿಣಿಯರು ಮಾತ್ರೆಯನ್ನು ಕೇಳಿಯೇ ತೆಗೆದುಕೊಳ್ಳಬೇಕು. ಅವರಿಗೆ ಮಾಗಿದ ಪರಂಗಿ ಪರವಾಗಿಲ್ಲ, ಕಾಯಿ ಬೇಡ.

ಯಾವುದಕ್ಕೆ ಅಲರ್ಜಿ ಎಂದು ಪರೀಕ್ಷೆ ಮಾಡಿಸಬಹುದೇ?

ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ಇದೆ, 15–20 ನಿಮಿಷದಲ್ಲಿ ಫಲಿತಾಂಶ ಗೊತ್ತಾಗುತ್ತದೆ. ಡಾಕ್ಟರ ಮಾತಿನಂತೆ ಅಲರ್ಜಿ ಮಾತ್ರೆಯನ್ನು ಐದರಿಂದ ಏಳು ದಿನ ಮುಂಚೆ ನಿಲ್ಲಿಸಿ ಹೋಗಬೇಕು, ಇಲ್ಲದಿದ್ದರೆ ಇರುವ ಅಲರ್ಜಿಯೂ ಕಾಣುವುದಿಲ್ಲ. ಹಣ್ಣಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬಾಟಲಿಯಲ್ಲಿ ಬರುವ ಸಾರದಲ್ಲಿ ಹಣ್ಣಿನ ಆ ಬೇಗ ಕೆಡುವ ಪ್ರೋಟೀನುಗಳು ಕೆಟ್ಟಿರುತ್ತವೆ, ಅದಕ್ಕೇ ಸೂಜಿಯನ್ನು ಮೊದಲು ತಾಜಾ ಹಣ್ಣಿಗೆ ಚುಚ್ಚಿ, ಆಮೇಲೆ ಚರ್ಮಕ್ಕೆ ಚುಚ್ಚುವ ಕ್ರಮವಿದೆ. ಹೀಗೆ ಮಾಡುತ್ತಾರೆಯೇ ಎಂದು ಆಸ್ಪತ್ರೆಗೆ ಮೊದಲೇ ಫೋನು ಮಾಡಿ ಕೇಳಿ. ಹೂಂ ಎಂದರೆ ನೀವು ತಿಂದು ತುರಿಕೆ ಬರಿಸಿಕೊಂಡ ಜಾತಿಯದೇ ಹಣ್ಣು, ಏಲಕ್ಕಿ ಬಾಳೆಯಾದರೆ ಏಲಕ್ಕಿ ಬಾಳೆ, ಪಚ್ಚಬಾಳೆಯಾದರೆ ಪಚ್ಚಬಾಳೆ, ಸಿಪ್ಪೆ ಸುಲಿಯದೆ ಚೀಲದಲ್ಲಿ ಒಯ್ಯಿರಿ, ಬರೆದಿಟ್ಟ ಚೀಟಿಯ ಜೊತೆಗೆ.